ಜಗಳ ಕಾಯುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಬಂದಾಗ ಯಾರೋ ‘ಮಹಾ ಕ್ರೀಡಾಪ್ರೇಮಿ’ ಎಂದು ಬರೆದರು. ಮಿಕ್ಕವರು ಅದರ ಕೆಳಗೆ ಕೈಮುಗಿದರು. ಅದೇ ವಾರ ಅವರು ಕೆಲಸ ಮಾಡುತ್ತಿದ್ದ ಕಾಲೇಜು ಕ್ರೀಡಾ ಒಕ್ಕೂಟದ ಕಚೇರಿ ಒಂದು ಸಂತಾಪದ ಇಮೇಲ್ ಕಳಿಸಿತು. ಅವರು ಇದ್ದಷ್ಟೂ ಕಾಲ ಕಾಲೇಜುಗಳ ನಡುವೆ ಸೌಹಾರ್ದ ನೆಲೆಸಿತ್ತು ಎಂದು ಅದರಲ್ಲಿತ್ತು. ಎರಡೂ ಸುಳ್ಳು. ಅವರು ಒಂದು ಪಂದ್ಯವನ್ನೂ ಕೊನೆಯವರೆಗೆ ಕೂತು ನೋಡಿದವರಲ್ಲ. ಸೌಹಾರ್ದವನ್ನು ಕಂಡರೆ ಅವರಿಗೆ ಭಯವಾಗುತ್ತಿತ್ತು.

ಹಾಗೆಂದು ನನ್ನ ಬಳಿ ಇರುವುದೇ ನಿಜ ಎಂದೂ ಹೇಳಲಾರೆ. ನಾನು ಅವರನ್ನು ನೋಡಿದ್ದು ಹೆಚ್ಚಾಗಿ ಕಾರಿನಲ್ಲಿ, ಡ್ರೈವರ್ ಸೀಟಿನಿಂದ, ಓರೆಗಣ್ಣಿನಲ್ಲಿ. ಅವರ ಎಡಗಿವಿ, ಎಡಗೆನ್ನೆಯ ಮಚ್ಚೆ ಸ್ಪಷ್ಟವಾಗಿ ನೆನಪಿವೆ. ಬಲಗಡೆ ಏನಿತ್ತೋ ಕೇಳಬೇಡಿ. ಇದು ಅವರ ಬಗ್ಗೆ ಬರೆದದ್ದು, ಆದರೆ ನನ್ನ ಮಗಳ ಬಗ್ಗೆಯೂ ಹೌದು. ಅವರ ಒಂದು ಮಾತನ್ನು ನಂಬಿ ಅವಳು ಒಂದು ಕಾಲೇಜು ಸೇರಿದಳು.

ಅವರ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಇಲ್ಲಿ ಅಮೆರಿಕದಲ್ಲಿ ಸಣ್ಣ ಖಾಸಗಿ ಕಾಲೇಜುಗಳು ಸುತ್ತಲ ನಾಲ್ಕಾರು ರಾಜ್ಯಗಳ ತಮ್ಮಂಥ ಕಾಲೇಜುಗಳ ಜೊತೆ ಒಂದು ಒಕ್ಕೂಟ ಕಟ್ಟಿಕೊಂಡು ವರ್ಷವಿಡೀ ತಮ್ಮತಮ್ಮಲ್ಲೇ ಆಡುತ್ತವೆ. ವಾಲಿಬಾಲ್, ಸಾಕರ್, ಟೆನಿಸ್, ಓಟ. ಇದಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ಅವರ ಕಾನ್ಫರೆನ್ಸ್ ಮೇರಿಲ್ಯಾಂಡಿನಲ್ಲಿ ಶುರುವಾಗಿ ಎರಡೂ ಕ್ಯಾರೊಲೈನಾಗಳನ್ನು ಹಾದು ಅಟ್ಲಾಂಟಾದ ಹೊರವಲಯದಲ್ಲಿ ಮುಗಿಯುತ್ತಿತ್ತು. ಯಾವ ಶನಿವಾರ ಯಾರು ಯಾರ ಊರಿಗೆ ಬಸ್ಸು ಹತ್ತಬೇಕು ಎಂದು ನಿರ್ಧರಿಸುವವರು ಇವರು. ಗೈದರ್ಸ್‌ಬರ್ಗಿನ ಸರ್ಕಾರಿ ಲ್ಯಾಬಿನಲ್ಲಿ ಗಣಿತದ ಕೆಲಸ ಮಾಡಿ ನಿವೃತ್ತರಾದ ಮೇಲೆ ಹಿಡಿದ ಹವ್ಯಾಸವಿದು. ಗಣಿತದ ಡಾಕ್ಟರೇಟ್ ಇದ್ದುದರಿಂದ ಕಾನ್ಫರೆನ್ಸಿನವರಿಗೆಲ್ಲ ಅವರು ‘ಡಾಕ್’.

ಕಾಲೇಜುಗಳ ಹೆಸರು ಹೇಳುತ್ತಿರಲಿಲ್ಲ. ಅವಕ್ಕೆಲ್ಲ ನಂಟಿನ ಹೆಸರು ಇಟ್ಟಿದ್ದರು. ದಕ್ಷಿಣ ಕ್ಯಾರೊಲೈನಾದ ಚರ್ಚಿನ ಕಾಲೇಜೊಂದು ಭಾನುವಾರ ಚೆಂಡು ಮುಟ್ಟುತ್ತಿರಲಿಲ್ಲವಾದ್ದರಿಂದ ಅದು ಮಡಿ ಅಜ್ಜಿ. ಉತ್ತರ ಕ್ಯಾರೊಲೈನಾದ ಗುಡ್ಡಗಳ ನಡುವೆ ಇದ್ದದ್ದು ದೊಡ್ಡಕ್ಕ, ಏಕೆಂದರೆ ಎಲ್ಲರನ್ನೂ ತನ್ನ ಮನೆಗೇ ಬನ್ನಿ ಎನ್ನುತ್ತಿತ್ತು, ತಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಅಟ್ಲಾಂಟಾದ್ದು ಬಾವ. ಎಷ್ಟು ಉಪಚಾರ ಮಾಡಿದರೂ ಸಾಲದು, ಊಟಕ್ಕೆ ಕೂತಲ್ಲೇ ತಕರಾರು. ಮೇರಿಲ್ಯಾಂಡಿನದು ಚಿಕ್ಕಪ್ಪ. ನನಗೆ ಅವರ ಪರಿಚಯವಾಗುವ ಹೊತ್ತಿಗೆ ಚಿಕ್ಕಪ್ಪ ಹೋಗಿಯಾಗಿತ್ತು.

ಮೊದಲು ಕಂಡದ್ದು ಸಂಘದ ಯುಗಾದಿ ಊಟದಲ್ಲಿ. ಕೋವಿಡ್ಡಿಗೆ ಮುಂಚೆ ಎಂದು ಬಹಳ ದಿನ ನಂಬಿದ್ದೆ. ಆದರೆ ನೆನಪಿನ ಆ ಚಿತ್ರದಲ್ಲಿ ಅವರ ಗದ್ದಕ್ಕೆ ಮಾಸ್ಕ್ ಇಳಿಬಿದ್ದಿದೆ, ಆದ್ದರಿಂದ ನಂತರವೇ ಇರಬೇಕು. ಹರ್ನ್‌ಡನ್ನಿನ ಶಾಲೆಯೊಂದರ ಪಾರ್ಕಿಂಗ್ ಲಾಟಿನಲ್ಲಿ ಒಂದು ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಮೈಸೂರಿನ ಉಚ್ಚಾರದ ಇಂಗ್ಲಿಷಿನಲ್ಲಿ ಯಾರಿಗೋ ಹೇಳುತ್ತಿದ್ದರು: ಆ ಶನಿವಾರ ಆಡ್ತೀಯೋ ಇಲ್ಲ ಈ ವರ್ಷ ಆಡೋದೇ ಇಲ್ವೋ, ನೀನೇ ನೋಡ್ಕೋ. ಆ ಕಡೆಯಿಂದ ಬೈಗುಳ ನನಗೂ ಕೇಳಿಸುವಷ್ಟು ಜೋರಾಗಿ ಬಂತು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು, ಒಳ್ಳೆಯ ಸಂಗೀತ ಕೇಳುವವರ ಹಾಗೆ ತಲೆ ಆಡಿಸಿದರು. ಬೈ ಎಂದು ಕೂಡ ಹೇಳದೆ ಫೋನ್ ಕಟ್ ಮಾಡಿ ನನ್ನ ಕಡೆ ತಿರುಗಿದರು.

"ಬಾವ ಚೆನ್ನಾಗಿದಾನೆ," ಎಂದರು.

"ಯಾವ ಊರಲ್ಲಿ ಅಂಕಲ್?"

"ಅಟ್ಲಾಂಟಾ ಕಡೆ. ಆರೋಗ್ಯವಾಗಿದಾನೆ."

ಪಕ್ಕದಲ್ಲಿದ್ದ ಆಂಟಿ, ಅವರ ಹೆಂಡತಿ, ನನಗೆ ಹೋಳಿಗೆ ಬಡಿಸುತ್ತಾ ಹೇಳಿದರು: "ಮನೇಲಿ ನಾನ್ ಒಂದು ಮಾತಾಡಿದ್ರೆ ಇವ್ರಿಗೆ ಬಿಪಿ. ಫೋನಲ್ಲಿ ಯಾವನೋ ಬೈದ್ರೆ ಹಬ್ಬ."

ಅದು ಬರಿಯ ತಮಾಷೆ ಎಂದುಕೊಂಡಿದ್ದೆ.

ಮುಂದಿನ ವಸಂತದಲ್ಲಿ ಷಾರ್ಲೆಟ್ಟಿನ ಹೋಟೆಲೊಂದರಲ್ಲಿ ಕಾನ್ಫರೆನ್ಸಿನ ವಾರ್ಷಿಕ ಸಭೆ. ಅವರಿಗೆ ಕಣ್ಣಿನ ಆಪರೇಷನ್ ಆಗಿ ಡ್ರೈವ್ ಮಾಡುವಂತಿರಲಿಲ್ಲ, ನನ್ನ ತಂಗಿಯ ಮನೆ ಷಾರ್ಲೆಟ್ಟಿನಲ್ಲಿತ್ತು. ಕರೆದುಕೊಂಡು ಹೋದೆ. ಪ್ರತಿ ಕಾಲೇಜಿನಿಂದ ಒಬ್ಬ ಕ್ರೀಡಾ ನಿರ್ದೇಶಕ ಬರುತ್ತಾರೆ, ಮುಂದಿನ ವರ್ಷದ ಶನಿವಾರಗಳಿಗೆ ಜಗಳವಾಡುತ್ತಾರೆ. ನಾನು ಹಿಂದಿನ ಕುರ್ಚಿಯಲ್ಲಿ ಕೂತು ನೋಡಿದೆ. ಬಾವ ಮೇಜು ಗುದ್ದಿದ. ಮಡಿ ಅಜ್ಜಿಯ ಕಡೆಯ ತೆಳ್ಳನೆಯ ಮನುಷ್ಯ ದೇವರ ಹೆಸರು ಎತ್ತಿದ. ಅವರು ಎಲ್ಲರ ಹತ್ತಿರವೂ ಬೈಸಿಕೊಂಡು, ಗೆಲುವಾಗಿ, ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದರು.

ದೊಡ್ಡಕ್ಕನ ಸರದಿ ಬಂತು. ದಪ್ಪನೆಯ, ಬಿಳಿಗೂದಲಿನ ನಿರ್ದೇಶಕಿ. ಅಕ್ಟೋಬರಿನ ಮೊದಲ ಶನಿವಾರ ಅವಳ ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿಗಳು ಸೇರುವ ದಿನ, ಅದಕ್ಕಾಗಿ ಅವಳು ಪ್ರತಿ ವರ್ಷ ರಣರಂಗ ಮಾಡುತ್ತಿದ್ದಳಂತೆ. ಈ ಸಲ ಅವರು ಆ ದಿನವನ್ನು ಬೇಕೆಂದೇ ಬಾವನಿಗೆ ಕೊಟ್ಟು ಅವಳ ಮುಖ ನೋಡಿದರು.

"ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ, ಡಾಕ್," ಎಂದಳು ಅವಳು. ನಗುತ್ತಲೇ ಹೇಳಿದಳು.

ಅವರು ಪೆನ್ನು ಮುಚ್ಚಿದರು. ಸಭೆ ಇನ್ನೂ ನಡೆಯುವುದಿತ್ತು. ಕಾಫಿಗೆ ಎದ್ದವರು ಮತ್ತೆ ಒಳಗೆ ಬರಲೇ ಇಲ್ಲ. ಹೋಗಿ ನೋಡಿದರೆ ಕಾರಿನ ಬಳಿ ನಿಂತಿದ್ದರು, ಹೋಟೆಲಿನ ಕಡೆಗೆ ಬೆನ್ನು ಹಾಕಿ.

ವಾಪಸು ಬರುವಾಗ ಐ-85 ಹೆದ್ದಾರಿ ಹಿಡಿದೆವು. ವರ್ಜೀನಿಯಾ ಬಂದ ಮೇಲೋ, ಅದಕ್ಕಿಂತ ಮೊದಲೋ, ಹೇಳಿದರು: "ಚಿಕ್ಕಪ್ಪನೂ ಹೀಗೇ ಮಾಡ್ದ."

"ಏನ್ ಅಂಕಲ್?"

"ಒಳ್ಳೆಯವನಾಗ್ಬಿಟ್ಟ. ಅಷ್ಟು ವರ್ಷ ಬಸ್ಸಿಗೆ ಕಿತ್ತಾಡ್ದೋನು, ನೈಟ್ ಸ್ಟೇಗೆ ಕಿತ್ತಾಡ್ದೋನು, ಒಂದ್ ವರ್ಷ ಏನ್ ಕೊಟ್ರೂ ಥ್ಯಾಂಕ್ಯೂ ಅಂದ. ನಂಗ್ ಖುಷಿ ಆಯ್ತು, ದಡ್ಡ ನಾನು. ಮಾರನೇ ಬೇಸಿಗೆಗೆ ಕಾಲೇಜೇ ಇಲ್ಲ. ಮುಂದಿನ್ ವರ್ಷ ಇರಲ್ಲ ಅಂತ ಗೊತ್ತಿರೋನು ಮುಂದಿನ್ ವರ್ಷದ ಶನಿವಾರಕ್ಕೆ ಯಾಕಮ್ಮ ಜಗಳ ಆಡ್ತಾನೆ?"

ಚಿಕ್ಕಪ್ಪ ಹೋದ ಮೇಲೆ ಅವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಪ್ರತಿ ವರ್ಷ ವೇಳಾಪಟ್ಟಿಯ ಕರಡಿನಲ್ಲಿ ಪ್ರತಿ ಕಾಲೇಜಿಗೂ ಒಂದು ಅನ್ಯಾಯ ಸೇರಿಸುವುದು. ಪರೀಕ್ಷೆಯ ವಾರದಲ್ಲಿ ದೂರದ ಪ್ರಯಾಣ, ಒಂದರ ಹಿಂದೊಂದು ಹೊರ ಊರಿನ ಪಂದ್ಯ, ಇಂಥದ್ದು. ಮುದುಕನಿಗೆ ಮರೆವು ಎಂದು ಕಾಲೇಜಿನವರು ಅಂದುಕೊಳ್ಳಲಿ, ಫೋನ್ ಮಾಡಿ ಬೈಯಲಿ. ಬೈದರೆ ಸರಿಪಡಿಸಿ ಕಳಿಸುತ್ತಿದ್ದರು. ಬೈಯದಿದ್ದರೆ ಅವರಿಗೆ ನಿದ್ದೆ ಇಲ್ಲ. "ಡಾಕ್ಟ್ರು ಪಾದಕ್ಕೆ ಸೂಜಿ ಚುಚ್ಚಿ ನೋಡಲ್ವ? ಹಾಗೆ. ಕಾಲು ಎಳ್ಕೊಂಡ್ರೆ ಬದುಕಿದೆ."

"ದೊಡ್ಡಕ್ಕ?"

ಕಿಟಕಿಯ ಆಚೆ ನೋಡುತ್ತಿದ್ದರು. ಹೆಬ್ಬೆರಳಿನಿಂದ ಬೆರಳ ಗಿಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದರು, ಜಪ ಮಾಡುವವರ ಹಾಗೆ. ಜಪವಲ್ಲ, ಮನಸ್ಸಿನಲ್ಲೇ ದೊಡ್ಡಕ್ಕ ಇಲ್ಲದ ಶನಿವಾರಗಳನ್ನು ಜೋಡಿಸುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ನಾನು ಆಗ ಅವರಿಗೆ ಒಂದು ವಿಷಯ ಹೇಳಲಿಲ್ಲ, ಏಕೆಂದರೆ ನನಗೇ ಇನ್ನೂ ಗೊತ್ತಿರಲಿಲ್ಲ. ಅದೇ ತಿಂಗಳು ದೊಡ್ಡಕ್ಕನ ವಾಲಿಬಾಲ್ ಕೋಚ್ ನನ್ನ ಮಗಳ ಆಟ ನೋಡಿಕೊಂಡು ಹೋಗಿದ್ದಳು. ಇಳಾ ಸೆಟ್ಟರ್, ಎಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು. ಎತ್ತರ ಸಾಲದೆಂದು ದೊಡ್ಡ ಯೂನಿವರ್ಸಿಟಿಗಳು ಅವಳನ್ನು ನೋಡಿರಲಿಲ್ಲ. ಈ ಕಾಲೇಜು ಸ್ಕಾಲರ್‌ಶಿಪ್ ಕೊಟ್ಟು ಕರೆಯಿತು. ನೋಡಲು ಹೋದೆವು. ಗುಡ್ಡದ ಮೇಲೆ ಕೆಂಪು ಇಟ್ಟಿಗೆಯ ಕಟ್ಟಡಗಳು, ಜಿಮ್ಮಿಗೆ ಹೊಸ ಬಣ್ಣ, ವಾಸನೆ ಇನ್ನೂ ಆರಿರಲಿಲ್ಲ. ಈಜುಕೊಳಕ್ಕೆ ಮಾತ್ರ ನೀರಿರಲಿಲ್ಲ. ರಿಪೇರಿ ಎಂದರು. ತಳದಲ್ಲಿ ಒಣಗಿದ ಎಲೆಗಳಿದ್ದವು. ಕೋಚ್ ಚಿಕ್ಕ ವಯಸ್ಸಿನವಳು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಹುಡುಗಿಯರ ಜೊತೆ ತಾನೂ ನೆಗೆಯುತ್ತಿದ್ದಳು. ಇಳಾ ಅವಳಿಗೆ ಒಂದೇ ದಿನದಲ್ಲಿ ಒಲಿದಳು.

ನನ್ನ ಹೆದರಿಕೆ ಬರಿಯ ಕಾಲೇಜಿನದಲ್ಲ. ಇಳಾ ಇಲ್ಲಿ ಹುಟ್ಟಿದವಳಲ್ಲ. ತೊಡೆಯ ಮೇಲೆ ಕೂರುವ ವಯಸ್ಸಿನಲ್ಲಿ ಬಂದಳು, ನನ್ನ ವೀಸಾದ ನೆರಳಿನಲ್ಲಿ ಬೆಳೆದಳು. ನಮ್ಮ ಗ್ರೀನ್ ಕಾರ್ಡಿನ ಸರದಿ ಬರುವ ಮೊದಲೇ ಅವಳಿಗೆ ಇಪ್ಪತ್ತೊಂದು ತುಂಬುತ್ತದೆ. ಅಂದಿನಿಂದ ಅವಳು ನನ್ನ ವೀಸಾದಲ್ಲಿ ಇರುವಂತಿಲ್ಲ. ತನ್ನದೇ ವಿದ್ಯಾರ್ಥಿ ವೀಸಾ ಬೇಕು, ಆ ವೀಸಾ ಅವಳ ಕಾಲೇಜಿಗೆ ಗಂಟು ಹಾಕಿಕೊಂಡಿರುತ್ತದೆ. ಕಾಲೇಜು ಮುಚ್ಚಿದರೆ ಇನ್ನೊಂದು ಕಾಲೇಜು ಅವಳನ್ನು ಸಕಾಲಕ್ಕೆ ತನ್ನ ಹೆಸರಿಗೆ ತೆಗೆದುಕೊಳ್ಳಬೇಕು. ಇಲ್ಲವೆಂದರೆ ಅವಳು ಬುದ್ಧಿ ಬಂದಾಗಿನಿಂದ ಕಂಡ ಒಂದೇ ದೇಶವನ್ನು ಬಿಟ್ಟು ಹೊರಡಬೇಕು.

ಇಳಾಳಿಗೆ ಹೇಳಿದೆ, ದೊಡ್ಡಕ್ಕ ಜಗಳವಾಡಲಿಲ್ಲ ಎಂದು. ಅವಳು ಅವರನ್ನು ಅಂಕಲ್ ತಾತ ಎನ್ನುತ್ತಿದ್ದಳು.

"ವೇಟ್. ಅಂಕಲ್ ತಾತ ಪ್ರಕಾರ ಯಾರಾದ್ರೂ ನೈಸ್ ಆಗಿದ್ರೆ ಅವ್ರು ಸಾಯ್ತಾರಾ?"

"ಹಾಗಲ್ಲ ಕಣೆ…"

"ಅಮ್ಮ, ದಟ್ಸ್ ಸೋ ಮೈಸೂರ್."

ಗೈದರ್ಸ್‌ಬರ್ಗಿಗೆ ಹೋಗಿ ಅವರನ್ನೇ ಕೇಳಿದೆ. ಮನೆಯಲ್ಲಿ ಪಂಚೆಯ ಮೇಲೆ ಕಾನ್ಫರೆನ್ಸಿನ ಸ್ವೆಟ್‌ಶರ್ಟ್ ಹಾಕಿಕೊಂಡು, ಬೇಗಲ್ಲಿಗೆ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಬೇಗಲ್ ಕೆಳಗಿಟ್ಟರು. ಮಗಳ ವೀಸಾ ಕಥೆಯನ್ನು ಎರಡನೆಯ ಸಲ ಹೇಳಿಸಿದರು. ಆಮೇಲೆ ಹೇಳಿದರು: "ಒಂದ್ ದಿನ ಬೇಸರ ಬಂದು ಹಾಗಂದಿರ್ಬಹುದು. ಅವ್ಳಿಗೂ ವಯಸ್ಸಾಯ್ತು. ಇರು, ಚುಚ್ಚಿ ನೋಡೋಣ. ಈ ಸಲ ಸೂಜಿ ಅಲ್ಲ, ದಬ್ಬಳ."

ಅವರು ದೊಡ್ಡಕ್ಕನ ವಾಲಿಬಾಲ್ ತಂಡಕ್ಕೆ ಮಾಡಿದ ಕರಡನ್ನು ನನಗೆ ತೋರಿಸಿದರು. ನಾಚಿಕೆಗೇಡು. ಇಡೀ ಸೆಪ್ಟೆಂಬರ್ ಹೊರ ಊರು. ಹಳೆಯ ವಿದ್ಯಾರ್ಥಿಗಳು ಬರುವ ದಿನ ತಂಡ ಅಟ್ಲಾಂಟಾದಲ್ಲಿ. ಕಳಿಸಿದರು. ಕಾದೆವು. ಮಡಿ ಅಜ್ಜಿ ಫೋನ್ ಮಾಡಿ ಬೈದಾಯಿತು, ಬಾವ ಬೈದಾಯಿತು. ಇಳಾ ಕಾಲೇಜಿಗೆ ಉತ್ತರ ಕೊಡಬೇಕಾದ ದಿನ ಹತ್ತಿರ ಬಂತು. ಫೋನ್ ಮಾಡಿದಾಗಲೆಲ್ಲ "ಇನ್ನೂ ಇಲ್ಲಮ್ಮ" ಎನ್ನುತ್ತಿದ್ದರು. ಆ "ಇಲ್ಲ" ಸಲಸಲಕ್ಕೂ ಸಣ್ಣದಾಗುತ್ತಾ ಬಂತು.

ಆಮೇಲೆ ಒಂದು ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ ಅವರೇ ಫೋನ್ ಮಾಡಿದರು. ಅವರು ನಗುತ್ತಿದ್ದರು ಎಂದು ನನ್ನ ನೆನಪು. ಇಳಾಳ ನೆನಪೇ ಬೇರೆ: ನಾನು ಮನೆಯಲ್ಲಿದ್ದೆ, ಫೋನ್ ಸ್ಪೀಕರಿನಲ್ಲಿತ್ತು, ಅವರು ನಗಲಿಲ್ಲ, ಕೆಮ್ಮಿದರು. ಮಾತು ಮಾತ್ರ ಇಬ್ಬರಿಗೂ ಒಂದೇ.

"ಬೈದ್ರು ಕಣಮ್ಮ! ಆ ಕೋಚ್ ಹುಡುಗಿ. ಏನ್ ಬಾಯಿ ಅವ್ಳದು! ನಿಂಗೆ ತಲೆ ಸರಿ ಇದ್ಯಾ ಅಂದ್ಲು. ನನ್ ಮಕ್ಳನ್ನ ಬಸ್ಸಲ್ಲೇ ಸಾಯಿಸ್ತೀಯಾ ಅಂದ್ಲು. ಸೇರ್ಸು ಮಗೂನ. ಬದುಕಿದೆ."

ಸೇರಿಸಿದೆವು.

ಇಲ್ಲಿಂದ ಎರಡು ವರ್ಷ ನನ್ನ ನೆನಪು ಚೆನ್ನಾಗಿಯೇ ಇದೆ, ಅದೇ ನನಗೆ ಅನುಮಾನ. ಎಲ್ಲ ಪಂದ್ಯಗಳೂ ಬಿಸಿಲಿನ ದಿನಗಳಲ್ಲೇ ನಡೆದ ಹಾಗೆ ಕಾಣುತ್ತವೆ. ಅವರನ್ನು ಒಂದು ಸಲ ಆ ಗುಡ್ಡಕ್ಕೆ ಕರೆದೊಯ್ದೆ. ಜಿಮ್ಮಿನ ಬಾಗಿಲಲ್ಲೇ ನಿಂತು, ಎರಡೂ ತಂಡ ಬಂದಿದೆಯೇ, ಅಂಪೈರು ಬಂದಿದ್ದಾರೆಯೇ ನೋಡಿದರು. ಬಂದಿದ್ದರು. "ಆಯ್ತು, ಹೊರಡೋಣ್ವ?" ಎಂದರು. ಇಳಾ ಅಂಕಣದಿಂದಲೇ ಕೈ ಬೀಸಿ ಕೂಗಿದಳು: "ಅಂಕಲ್ ತಾತ, ಅಟ್ಲೀಸ್ಟ್ ಒಂದು ಸೆಟ್ ನೋಡಿ!" ಕೂತರು. ಚೆಂಡು ನೋಡಲಿಲ್ಲ. ಛಾವಣಿಯ ದೀಪಗಳನ್ನು ನೋಡುತ್ತಿದ್ದರು. ಒಂದು ಸಾಲು ಬಿಟ್ಟು ಒಂದು ಸಾಲು ಉರಿಯುತ್ತಿತ್ತು.

"ಹಗಲಲ್ವ, ಅದಕ್ಕೆ," ಎಂದೆ ನಾನು.

"ಅದಕ್ಕೇ ಇರ್ಬೇಕು," ಎಂದರು.

ಹೊರಗೆ ಬರುವಾಗ ನಿರ್ದೇಶಕಿ ಎದುರಾದಳು. ಮೊದಲಿಗಿಂತ ಇಳಿದುಹೋಗಿದ್ದಳು. ಅವರನ್ನು ಕಂಡದ್ದೇ, ಹೋದ ವಾರದ ಬಸ್ಸಿನ ಬಗ್ಗೆ ಗಂಟಲು ಏರಿಸಿ ಜಗಳ ತೆಗೆದಳು. ಅವರ ಮುಖ ಅರಳಿತು. ವಾಪಸು ಬರುವಾಗ ದಾರಿಯುದ್ದಕ್ಕೂ ಮೈಸೂರಿನ ಮದುವೆಯೊಂದರಲ್ಲಿ ಬೀಗರು ಹೊಡೆದಾಡಿದ ಕಥೆ ಹೇಳಿದರು. ನನಗೆ ಮಾತ್ರ ಅವಳು ಕೂಗುವಾಗ ಅವಳ ಕೈಗಳು ಕೋಟಿನ ಜೇಬಿನಿಂದ ಹೊರಗೆ ಬಂದಿರಲಿಲ್ಲ ಎನ್ನುವುದು ಕಣ್ಣಿಗೆ ಕಟ್ಟಿತ್ತು. ಅಂದೇ ಕಟ್ಟಿತ್ತೋ, ಆಮೇಲೆ ಕಟ್ಟಿಕೊಂಡೆನೋ.

ಎರಡನೆಯ ವರ್ಷದ ವಸಂತದಲ್ಲಿ, ಇಪ್ಪತ್ತೊಂದು ತುಂಬುವವರೆಗೆ ಕಾಯದೆ, ಇಳಾ ತನ್ನ ಸ್ವಂತ ವಿದ್ಯಾರ್ಥಿ ವೀಸಾಕ್ಕೆ ಬದಲಾದಳು. ಮನೆಯಲ್ಲಿ ಪಾಯಸ ಮಾಡಿದೆ. ಪಾಯಸದ ಪಾತ್ರೆ ಇನ್ನೂ ತೊಳೆದಿರಲಿಲ್ಲ ಎಂದು ಬರೆಯಬೇಕೆನ್ನಿಸುತ್ತದೆ. ಅಷ್ಟು ಬೇಗ ಅಲ್ಲ, ಕೆಲವು ವಾರ ಆಗಿರಬೇಕು. ಅವಳು ಬಸ್ಸಿನಿಂದ ಫೋನ್ ಮಾಡಿದಳು. ಮಡಿ ಅಜ್ಜಿಯ ಊರಿನಲ್ಲಿ ಅಭ್ಯಾಸ ಪಂದ್ಯ ಆಡಿ ವಾಪಸು ಬರುತ್ತಿದ್ದರು.

"ಅಮ್ಮ. ಎಲ್ಲರಿಗೂ ಒಂದೇ ಟೈಮಿಗೆ ಇಮೇಲ್ ಬಂತು. ಕಾಲೇಜ್ ಕ್ಲೋಸ್ ಆಗತ್ತಂತೆ. ಈ ಸೆಮಿಸ್ಟರ್ ಲಾಸ್ಟ್."

"ಕೋಚ್ ಏನಂತಾರೆ?"

"ಕೋಚ್‌ಗೂ ಈಗ್ಲೇ ಬಂತು. ಮುಂದೆ ಕೂತಿದಾರೆ. ಅವ್ರು ತಿರುಗ್ತಾನೇ ಇಲ್ಲ ಅಮ್ಮ."

ಹಿನ್ನೆಲೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಇಂಜಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಬಸ್ಸು ಆ ಗುಡ್ಡದ ಕಡೆಗೇ ಹೋಗುತ್ತಿತ್ತು, ಬೇರೆ ಎಲ್ಲಿಗೆ ಹೋದೀತು.

ಅವರಿಗೆ ನಾನು ಹೇಳಬೇಕಾಗಲಿಲ್ಲ. ನಾನು ಫೋನ್ ಮಾಡಿದಾಗ ಆಂಟಿ ಎತ್ತಿಕೊಂಡರು. "ಊಟ ಬಿಟ್ಟಿದಾರಮ್ಮ. ನಿನ್ ಮಗಳ ಹೆಸ್ರೇ ಹೇಳ್ತಿದಾರೆ." ಮರುದಿನದಿಂದ ಅವರು ಕಾನ್ಫರೆನ್ಸಿನ ಒಂದೊಂದು ಕಾಲೇಜಿಗೂ ಫೋನ್ ಮಾಡಿದರು. ಜಗಳಕ್ಕಲ್ಲ, ಬೇಡುವುದಕ್ಕೆ. ಸೆಟ್ಟರ್ ಬೇಕಾ, ಒಳ್ಳೆ ಹುಡುಗಿ, ವೀಸಾ ವಿಷಯ ತಕ್ಷಣ ಆಗಬೇಕು. ಬಾವ ಒಪ್ಪಿದ. ಮಿಕ್ಕವರು ನೋಡೋಣ ಎಂದರು.

ಸೆಮಿಸ್ಟರ್ ಮುಗಿದು ಇಳಾಳ ಸಾಮಾನು ತರಲು ಹೊರಟಾಗ ಅವರೂ ಬಂದರು. ಬೇಡ ಎಂದರೂ ಕೇಳಲಿಲ್ಲ. ಹೊರಡುವಾಗ ಆಂಟಿ ನನ್ನ ಕೈಗೆ ಅವರ ಮಾತ್ರೆಗಳ ಡಬ್ಬಿ ಕೊಟ್ಟರು. ಗುಡ್ಡದ ಮೇಲೆ ಹುಲ್ಲನ್ನು ಆಗಷ್ಟೇ ಕತ್ತರಿಸಿದ್ದರು. ಇದು ನನಗೆ ತಡೆಯಲಾಗದ ಸಂಗತಿ, ಯಾರೂ ಆಡದ ಮೈದಾನಕ್ಕೆ ಅಷ್ಟು ನೀಟಾಗಿ ಗೆರೆ ಎಳೆದಿದ್ದರು. ಹಾಸ್ಟೆಲ್ಲಿನ ಮುಂದೆ ಅಪ್ಪ ಅಮ್ಮಂದಿರು ಕಾರಿನ ಡಿಕ್ಕಿಗಳನ್ನು ತೆರೆದಿಟ್ಟು ಮೆಲ್ಲಗೆ ಮಾತಾಡುತ್ತಿದ್ದರು. ಯಾರೂ ಯಾರಿಗೂ ಅಡ್ಡ ಬರುತ್ತಿರಲಿಲ್ಲ, ಎಲ್ಲರೂ ನೀವು ಮೊದಲು, ನೀವು ಮೊದಲು ಎನ್ನುತ್ತಿದ್ದರು.

ನಿರ್ದೇಶಕಿ ಜಿಮ್ಮಿನ ಮೆಟ್ಟಿಲ ಮೇಲೆ ಕೂತಿದ್ದಳು. ಅವರು ಹೋಗಿ ಪಕ್ಕದಲ್ಲಿ ಕೂತರು. ಮೊಣಕಾಲು ಬಗ್ಗದೆ, ಕಂಬ ಹಿಡಿದು. ನಾನು ಎರಡು ಮೆಟ್ಟಿಲು ಕೆಳಗೆ ನಿಂತಿದ್ದೆ. ಅವರಿಬ್ಬರ ಇಂಗ್ಲಿಷು ನನ್ನೊಳಗೆ ಕನ್ನಡದಲ್ಲೇ ಉಳಿದುಕೊಂಡಿದೆ.

"ನಿನಗೆ ಯಾವಾಗ ಗೊತ್ತಾಯಿತು?" ಎಂದು ಕೇಳಿದರು.

"ಷಾರ್ಲೆಟ್ಟಿಗಿಂತ ಮೊದಲೇ."

"ಆದರೆ ನಿನ್ನ ಕೋಚ್ ಬೈದಳು. ಬಾಯಿಗೆ ಬಂದ ಹಾಗೆ ಬೈದಳು."

ಅವಳು ಮೈದಾನದ ಕಡೆ ತಿರುಗಿದಳು. "ಡಾಕ್, ನೀವು ಚುಚ್ಚಿ ನೋಡೋದು ನಮಗೆಲ್ಲ ಗೊತ್ತಿತ್ತು."

"ಏನು?"

"ಒಬ್ಬ ಗಣಿತದ ಡಾಕ್ಟರು ಪ್ರತಿ ವರ್ಷ ಪ್ರತಿ ಕಾಲೇಜಿಗೂ ಲೆಕ್ಕ ಹಾಕಿದ ಹಾಗೆ ಒಂದೊಂದೇ ತಪ್ಪು ಮಾಡ್ತಾರಾ? ನಿಜವಾಗಿ ಮರೆವಿನವರಾಗಿದ್ದರೆ ಒಬ್ಬರಿಗೆ ಮೂರು ಆಗಬೇಕಿತ್ತು, ಒಬ್ಬರಿಗೆ ಒಂದೂ ಆಗಬಾರದಿತ್ತು. ಷಾರ್ಲೆಟ್ಟಿನಲ್ಲಿ ನನ್ನ ಬಾಯಿಂದ ಆ ಮಾತು ಜಾರಿತು. ನೀವು ಪೆನ್ನು ಮುಚ್ಚಿದ್ದನ್ನು ನೋಡಿದೆ. ಕರಡು ಬಂದಾಗ ನನಗೆ ಕೂಗುವ ಶಕ್ತಿ ಇರಲಿಲ್ಲ. ಕೋಚ್‌ಗೆ ನಿಮ್ಮ ನಂಬರ್ ಕೊಟ್ಟು ಚೆನ್ನಾಗಿ ಬೈ ಎಂದೆ. ಅವಳಿಗೆ ಏನೂ ಗೊತ್ತಿರಲಿಲ್ಲ, ಪಾಪ. ಅವಳು ನಿಜವಾಗಿಯೇ ಬೈದಳು."

"ಯಾಕೆ?"

"ನೀವು ಅನುಮಾನಪಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾದರೆ ಹೊಸ ಮಕ್ಕಳು ಬರುವುದಿಲ್ಲ. ಅವರು ಬರದಿದ್ದರೆ ಆ ವರ್ಷವೇ ಮುಚ್ಚುತ್ತಿತ್ತು. ಇವಳಂಥವರು ಬಂದರು, ಎರಡು ವರ್ಷ ಉಳಿಯಿತು." ಅವಳು ನನ್ನನ್ನು ನೋಡಲಿಲ್ಲ. ಪೆಟ್ಟಿಗೆ ಹೊತ್ತು ದಾಟುತ್ತಿದ್ದ ಇಳಾಳ ಕಡೆ ಗದ್ದ ತೋರಿಸಿದಳು.

ನನ್ನ ಮಗಳು ಆ ಕಟ್ಟಡದ ಒಂದು ಇಟ್ಟಿಗೆಯಾಗಿದ್ದಳು ಎನ್ನುವುದು ನನಗೆ ಆಗ ಹೊಳೆಯಲಿಲ್ಲ. ಅವರಿಗೆ ಹೊಳೆದಿತ್ತು. ಅವರು ಕೇಳಿದ್ದು ಬೇರೆ.

"ಎಲ್ಲರೂ ಹೀಗೆ ಮಾಡ್ತಾರಾ? ನನಗೆ ಫೋನ್ ಮಾಡಿ?"

"ಎಲ್ಲರೂ, ಡಾಕ್. ಅಟ್ಲಾಂಟಾದವರು ಅದಕ್ಕೆಂದೇ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು."

ಅವರು ಏಳಲು ಕೈ ಚಾಚಿದರು. ನಾನು ಹಿಡಿದೆ.

ಕಾರು ತುಂಬಿತ್ತು. ಹಿಂದಿನ ಸೀಟಿನಲ್ಲಿ ದಿಂಬು, ಪೆಟ್ಟಿಗೆಗಳ ನಡುವೆ ಇಳಾ. ಐ-81ಕ್ಕೆ ಸೇರಿದ ಮೇಲೆ ಅವಳ ಫೋನಿಗೆ ಬಾವನ ಕಾಲೇಜಿನಿಂದ ಕಾಗದಗಳು ಬಂದವು. ಅಂದೇ ಒಪ್ಪಿಗೆ ಕೊಟ್ಟರೆ ವೀಸಾ ದಾಖಲೆ ಆ ಕಾಲೇಜಿನ ಹೆಸರಿಗೆ ಹೋಗುತ್ತದೆ. ಬೇರೆ ಯಾವ ಕಾಲೇಜಿನಿಂದಲೂ ಏನೂ ಬಂದಿರಲಿಲ್ಲ.

"ಅಂಕಲ್ ತಾತ, ಇವ್ರು ಓಕೆನಾ?"

ನಾನು ರಸ್ತೆ ನೋಡುತ್ತಿದ್ದೆ. ನಿಜವಾಗಿ ಅವರ ಎಡಗಿವಿಯನ್ನೇ ನೋಡುತ್ತಿದ್ದೆ. ಎಷ್ಟು ವರ್ಷದಿಂದ ಎಷ್ಟು ಬೈಗುಳ ಅದರೊಳಗೆ ಹೋಗಿತ್ತು. ಅದರಲ್ಲಿ ಯಾವುದು ಆರೋಗ್ಯ, ಯಾವುದು ಅಭಿನಯ ಎಂದು ಅವರು ಈಗ ಒಂದೊಂದನ್ನೂ ಮತ್ತೆ ಕೇಳಿಸಿಕೊಳ್ಳುತ್ತಿರಬೇಕು.

"ಹೇಳಿ ಅಂಕಲ್," ಎಂದೆ. "ಅವಳು ಇವತ್ತೇ ಹೇಳ್ಬೇಕು."

ಫೋನ್ ತೆಗೆದು ಬಾವನಿಗೆ ಮಾಡಿದರು, ಸ್ಪೀಕರಿಗೆ ಹಾಕಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. ಅವರು ಯಾರನ್ನೂ ನೇರವಾಗಿ ಕೇಳಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

"ನಿಮ್ಮ ಕಾಲೇಜು ಮುಚ್ಚುತ್ತದೆಯೇ?" ಎಂದು ಮೆಲ್ಲಗೆ ಕೇಳಿದರು. "ನನ್ನ ಮೊಮ್ಮಗಳನ್ನು ಕಳಿಸುತ್ತಿದ್ದೇನೆ. ದಯವಿಟ್ಟು ಹೇಳಿ."

ಆ ಕಡೆ ಮೌನ. ಉಸಿರಿನಷ್ಟೇ ಮೌನವೋ, ಅದಕ್ಕಿಂತ ಉದ್ದವೋ, ನನಗೂ ಇಳಾಳಿಗೂ ಇವತ್ತಿಗೂ ಒಮ್ಮತವಿಲ್ಲ. ಆಮೇಲೆ ಆ ಮನುಷ್ಯ ಸಿಡಿದ. ಯಾರು ಹೇಳಿದ್ದು ಹಾಗೆಂದು? ಹಾಳಾಗಿ ಹೋಗಲಿ ನಿಮ್ಮ ಅನುಮಾನ! ಮೊದಲು ಆ ಅಕ್ಟೋಬರಿನ ಕರಡು ಏನೆಂದು ಹೇಳಿ ಡಾಕ್, ನನ್ನ ಮಕ್ಕಳನ್ನು ಮೇರಿಲ್ಯಾಂಡಿನ ಗಡಿಯವರೆಗೆ ಓಡಿಸುತ್ತೀರಲ್ಲ, ನಿಮಗೆ ಮನುಷ್ಯತ್ವ ಇದೆಯೇ? ಕೂಗು ಕಾರಿನ ಗಾಜುಗಳಿಗೆ ಬಡಿಯಿತು. ಅವರು ಈ ಸಲ ಕಣ್ಣು ಮುಚ್ಚಲಿಲ್ಲ. ಆ ಫೋನನ್ನೇ, ಅದರೊಳಗೆ ಒಂದು ಮುಖ ಕಾಣುತ್ತದೆಯೋ ಎಂಬಂತೆ, ಬಾಗಿ ನೋಡುತ್ತಿದ್ದರು.

"ನಂಗ್ ಗೊತ್ತಾಗ್ತಿಲ್ಲ ಪುಟ್ಟ," ಎಂದರು. ಆ ಗದ್ದಲದಲ್ಲಿ ಅದು ಹಿಂದಿನ ಸೀಟಿಗೆ ಕೇಳಿಸಿತೋ ಇಲ್ಲವೋ.

ಕನ್ನಡಿಯಲ್ಲಿ ನೋಡಿದೆ. ಬಾವ ಇನ್ನೂ ಬೈಯುತ್ತಲೇ ಇದ್ದ. ಇಳಾ ತನ್ನ ಫೋನಿನ ಮೇಲೆ ಬೆರಳಿನಿಂದ ಸಹಿ ಗೀಚಿ ಮುಗಿಸಿದ್ದಳು.